ಮೊದಲು ಕಣ್ಣು, ಕಡೆಗೆ ಬಂದೂಕು

ಹೋದ ವಾರ ನಮ್ಮ ಮೈದಾನದ ಸಾಮಾನು ಕೋಣೆಗೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ವಿಜಯನಗರದಲ್ಲಿ ಮೆಟ್ರೋ ಇಳಿದು, ದಾರಿ ಕೇಳಿಕೊಂಡು ಆರ್‌ಪಿಸಿ ಲೇಔಟಿನ ನಮ್ಮ ಮನೆಗೆ ಬಂದಿದ್ದರು. ಕಾಫಿ ಲೋಟ ಕೈಗೆ ಕೊಡುವ ಮೊದಲೇ ಒಬ್ಬಳು ಕೇಳಿದಳು: “ಆಂಟಿ, ಯಾರಿಗೆ ಯಾವ ಗನ್ ಕೊಡ್ಬೇಕು ಅಂತ ಹೇಗೆ ಗೊತ್ತಾಗುತ್ತೆ?”

“ಗನ್ನಿಂದ ಶುರು ಮಾಡಿದ್ರಾ? ಕೆಟ್ರಿ ಬಿಡಿ,” ಎಂದೆ. ಪಾಪ, ಹೆದರಿಬಿಟ್ಟರು. ಕಾಫಿ ಕುಡಿಸಿ, ಕೋಡುಬಳೆ ತಿನ್ನಿಸಿ, ತಿಳಿದಷ್ಟು ಹೇಳಿ ಕಳಿಸಿದೆ. ಅವರು ಹೋದಮೇಲೆ ಇನ್ನೂ ಎಷ್ಟೋ ಹೇಳುವುದಿತ್ತಲ್ಲ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಸರೋಜಾ. ಕೆಂಗೇರಿ ದಾಟಿ ಒಳಗೆ ಹೋದರೆ ಒಂದು ನೀಲಗಿರಿ ತೋಪಿನಲ್ಲಿ ಏರ್‌ಸಾಫ್ಟ್ ಆಟದ ಮೈದಾನ ಇದೆ. ಆಟಕ್ಕೆ ಬಂದವರಿಗೆ ಮಾಸ್ಕ್, ಬೂಟು, ಬಟ್ಟೆ, ಬಂದೂಕು ಆರಿಸಿ ಕೊಡುವುದು ನನ್ನ ಕೆಲಸವಾಗಿತ್ತು. ಮಂಡಿ ನೋವು ಜಾಸ್ತಿಯಾಗಿ ಈ ಯುಗಾದಿಗೆ ಬಿಟ್ಟೆ. ಆಟ ಗೊತ್ತಿಲ್ಲದವರಿಗೆ ಒಂದು ಮಾತು: ಎರಡು ಗುಂಪು ಮಾಡಿಕೊಂಡು, ಮರದ ಮರೆ, ಮಣ್ಣಿನ ದಿಬ್ಬದ ಮರೆಯಲ್ಲಿ ಅವಿತು, ಒಬ್ಬರಿಗೊಬ್ಬರು ಗುರಿಯಿಟ್ಟು ಹೊಡೆಯುವ ಆಟ ಇದು. ಬಂದೂಕು ನೋಡಲು ನಿಜದ್ದರ ಹಾಗೇ ಇರುತ್ತದೆ, ಒಳಗೆ ಬ್ಯಾಟರಿ, ಬಾಯಲ್ಲಿ ಬರುವುದು ಒಣ ಬಟಾಣಿಯಷ್ಟು ಗಾತ್ರದ ಪ್ಲಾಸ್ಟಿಕ್ ಗುಂಡು. ತಗುಲಿದರೆ ಮೈಗೆ ಚುರುಕ್ ಅನ್ನುತ್ತದೆ, ಅಷ್ಟೇ. ಬಣ್ಣ ಅಂಟುವುದಿಲ್ಲ, ಗುರುತು ಕಾಣುವುದಿಲ್ಲ. ತಗುಲಿದವರು ತಾವೇ ಕೈ ಎತ್ತಿ “ಹಿಟ್” ಎಂದು ಕೂಗಿ ಆಚೆ ಬರಬೇಕು. ಸುಳ್ಳು ಹೇಳುವವರಿಗೆ ಹೇಳಿ ಮಾಡಿಸಿದ ಆಟ ಅಲ್ಲ ಇದು. ದೊಡ್ಡ ದೊಡ್ಡ ಕೆಲಸದಲ್ಲಿರುವವರು ಹಣೆಗೆ ಟಪ್ ಅಂತ ಬಿದ್ದರೂ “ತಗುಲೇ ಇಲ್ಲ ಆಂಟಿ” ಅನ್ನುವುದನ್ನು ಕಿವಿಯಾರೆ ಕೇಳಿದ್ದೇನೆ.

ಈ ಕೆಲಸಕ್ಕೆ ಸೇರುವ ಮೊದಲು ನಾನು ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದೆ. ಫ್ಯಾಕ್ಟರಿಯನ್ನು ಊರಾಚೆಗೆ ಸಾಗಿಸಿದಾಗ ನಮ್ಮಂಥವರನ್ನು ಇಲ್ಲೇ ಬಿಟ್ಟು ಹೋದರು. ಮನೆಯಲ್ಲಿ ಕುಳಿತು ರವಿಕೆ ಹೊಲಿಯುತ್ತಿದ್ದಾಗ ಲೋಕೇಶ್ ಅಂತ ಒಬ್ಬರು ಬಂದರು. ಕೆಂಗೇರಿ ಕಡೆಯ ಹಳೇ ಒಕ್ಕಲು ಮನೆತನ. ತೋಪಿನಲ್ಲಿ ಆಟದ ಮೈದಾನ ಮಾಡುತ್ತೇನೆ, ಬಟ್ಟೆ ಹೊಲಿದು ಕೊಡಬೇಕು ಎಂದರು. ಹೊಲಿದ ಬಟ್ಟೆ ಕೊಡಲು ಹೋದವಳು ಅಲ್ಲೇ ಉಳಿದೆ. ಆದರೆ ಕೆಲಸ ಕೊಟ್ಟವರು ಲೋಕೇಶ್ ಅಲ್ಲ, ಅವರ ತಾಯಿ ಪುಟ್ಟಮ್ಮನವರು. ತೋಪು ಅವರ ಹೆಸರಿನಲ್ಲಿತ್ತು.

ಪುಟ್ಟಮ್ಮನವರು ಹಸುವಿಗೆ ಹುಲ್ಲು ಹಾಕುತ್ತಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಏನವ್ವಾ, ಈ ಆಟದಾಗೆ ಕಣ್ಣು ಹೋದ್ರೆ ಯಾರ್ ತಂದ್ಕೊಡ್ತಾರೆ?” ಎಂದು ಕೇಳಿದರು.

“ಕಣ್ಣು ಮುಚ್ಚೋ ಮಾಸ್ಕ್ ಹಾಕ್ಸಿ ಕಳಿಸ್ತೀವಿ ಅವ್ವ, ಹೋಗಲ್ಲ,” ಎಂದೆ.

“ನನ್ನ ತಮ್ಮನ ಕಣ್ಣು ಚಿನ್ನಿದಾಂಡು ಆಡೋವಾಗ ಚಿನ್ನಿ ಬಿದ್ದು ಹೋಯ್ತು. ಅವನೂ ಹಂಗೇ ಅಂತಿದ್ದ, ಏನೂ ಆಗಲ್ಲ ಅಂತ. ದೀಪದ ಮುಂದೆ ಮಗನ ಕೈಲಿ ಮಾತು ತಗೊಂಡಿದೀನಿ. ಮಾಸ್ಕು ತೂರಿಯೋ, ಎತ್ತಿಯೋ, ಯಾರ್ ಕಣ್ ಹತ್ರ ಏಟ್ ಬಿದ್ದು ರಕ್ತ ಕಂಡ್ರೂ ಮಾರನೇ ದಿನ ಬೇಲಿ ಕೀಳಿಸ್ತೀನಿ, ಮರ ಕಡಿಸಿ ರಾಗಿ ಬಿತ್ತಿಸ್ತೀನಿ. ನೀನು ಆ ಕಣ್ಣು ಕಾಯೋದಾದ್ರೆ ಇರು, ಇಲ್ದಿದ್ರೆ ಈಗ್ಲೇ ಹೇಳು.”

ಇರುತ್ತೇನೆ ಅಂದೆ. ಅವತ್ತಿನಿಂದ ಆ ಮೈದಾನದ ಆಯುಷ್ಯ ಬಂದವರ ಕಣ್ಣಿನ ಮೇಲೆ ನಿಂತಿತ್ತು, ನನ್ನ ಕೆಲಸವೂ ಅಷ್ಟೇ.

ಬಟ್ಟೆಯ ವಿಷಯದಲ್ಲಿ ಮೊದಮೊದಲು ಮಾಡಿಕೊಂಡ ಅವಾಂತರ ಕೇಳಿದರೆ ನಗುತ್ತೀರಿ. ಲೋಕೇಶ್ ಸಾರ್ ಹಸಿರು ಮಚ್ಚೆ ಮಚ್ಚೆಯ ಬಟ್ಟೆ ತಂದರು, ಮಿಲಿಟರಿಯವರದರ ಹಾಗೆ ಕಾಣುವಂಥದು. ಹುಡುಗರಿಗೆ ಕುಣಿದಾಡುವಷ್ಟು ಖುಷಿ. ಮೊದಲ ಭಾನುವಾರವೇ ಒಂದಷ್ಟು ಜನ ಅದೇ ಬಟ್ಟೆಯಲ್ಲಿ, ಬಂದೂಕು ಹೆಗಲಿಗೆ ಹಾಕಿಕೊಂಡು ರಸ್ತೆಯ ಟೀ ಅಂಗಡಿಗೆ ಹೋದರು. ಅಂಗಡಿಯವನು ಹಾಲಿನ ಪಾತ್ರೆ ಒಲೆ ಮೇಲೇ ಬಿಟ್ಟು ಓಟ ಕಿತ್ತ. ಸ್ವಲ್ಪ ಹೊತ್ತಿಗೆ ಪೊಲೀಸ್ ಜೀಪು ನಮ್ಮ ಗೇಟಿನಲ್ಲಿ! ಇನ್ಸ್‌ಪೆಕ್ಟರ್ ಸಾಹೇಬರು ಲೋಕೇಶ್ ಸಾರ್‌ಗೆ ಚೆನ್ನಾಗಿ ಮಂಗಳಾರತಿ ಎತ್ತಿದರು. ಅವತ್ತಿನಿಂದ ಎರಡು ಕಟ್ಟಳೆ ಬಂದವು: ಮಿಲಿಟರಿ ಮಚ್ಚೆಯ ಬಟ್ಟೆ ಬೇಡ, ಬಂದೂಕು ಚೀಲದಲ್ಲಲ್ಲದೆ ಗೇಟು ದಾಟಕೂಡದು. ನಿಮ್ಮದೇ ಸ್ವಂತ ಬಂದೂಕಿದ್ದರೂ ಇದನ್ನು ಮರೆಯಬೇಡಿ.

ಆಮೇಲೆ ಲೋಕೇಶ್ ಸಾರ್ ಖಾಕಿ ಬಟ್ಟೆಯ ಥಾನು ತಂದರು. ಬೇಡ ಸಾರ್ ಅಂದೆ, ಕೇಳಲಿಲ್ಲ. ಹೊಲಿದು ತೊಡಿಸಿದರೆ ಇಡೀ ಗುಂಪು ಆಟೋ ಸ್ಟ್ಯಾಂಡಿನಿಂದ ಎದ್ದು ಬಂದ ಹಾಗೆ ಕಂಡಿತು. “ಗುರು, ವಿಜಯನಗರಕ್ಕೆ ಬರ್ತೀಯಾ?” “ಮೀಟರ್ ಮೇಲೆ ಒನ್ ಅಂಡ್ ಹಾಫ್ ಕೊಡು ಮಗಾ, ಬರ್ತೀನಿ.” ಇಡೀ ದಿನ ಇದೇ ನಗು, ಒಬ್ಬನೂ ನೆಟ್ಟಗೆ ಗುರಿ ಇಡಲಿಲ್ಲ. ಕೊನೆಗೆ ನಾನೇ ವಿಜಯನಗರ ಮಾರ್ಕೆಟ್ಟಿನ ಬಟ್ಟೆ ಅಂಗಡಿಗಳನ್ನೆಲ್ಲ ತಡಕಿ, ಒಣಗಿದ ನೀಲಗಿರಿ ಎಲೆಯ ಬಣ್ಣದ ದಪ್ಪ ಕಾಟನ್ ಆರಿಸಿದೆ. ಇವತ್ತಿಗೂ ಅದೇ ನಡೆಯುತ್ತಿದೆ.

ಬಟ್ಟೆ ಆರಿಸುವಾಗ ನೋಡಬೇಕಾದ್ದು ಇಷ್ಟೇ. ತೋಳು ಮುಂಗೈವರೆಗೆ ಬರಬೇಕು, ಕೊರಳು ಮುಚ್ಚಬೇಕು, ಕುಕ್ಕರುಗಾಲಲ್ಲಿ ಕೂತರೆ ಹೊಲಿಗೆ ಪರ್ ಅನ್ನಬಾರದು. ನಾನು ಪ್ರತಿಯೊಬ್ಬರನ್ನೂ ಕುಕ್ಕರುಗಾಲಲ್ಲಿ ಕೂರಿಸಿಯೇ ಒಳಗೆ ಬಿಡುತ್ತಿದ್ದೆ. ಬಿಗಿ ಜೀನ್ಸ್ ಹಾಕಿಕೊಂಡು ಬಂದ ಮ್ಯಾನೇಜರೊಬ್ಬರು “ಇದೆಲ್ಲ ಬೇಕಾಗಿಲ್ಲ ಆಂಟಿ” ಎಂದು ಹಾಗೇ ಹೋದರು. ಮಧ್ಯಾಹ್ನ ಹಿಂದೆ ಎರಡೂ ಕೈ ಅಡ್ಡ ಹಿಡಿದುಕೊಂಡು, ಗೋಡೆಗೆ ಬೆನ್ನು ಮಾಡಿಯೇ ನಡೆಯುತ್ತ ಬಂದರು. ನಾನು ಸೂಜಿ ದಾರ ತೆಗೆದೆ.

ಇನ್ನೊಬ್ಬರು ಬಸವೇಶ್ವರನಗರದವರು, ತುಂಬ ದಪ್ಪ. ಇದ್ದ ಬಟ್ಟೆ ಒಂದೂ ಆಗಲಿಲ್ಲ. ಜೊತೆಯವರು “ಟೆಂಟ್ ಹೊದಿಸಿ ಆಂಟಿ” ಎಂದು ಕಿಸಿಕಿಸಿ ನಕ್ಕರು. ಆ ಮನುಷ್ಯ ತಾನೂ ನಕ್ಕ, ಆದರೆ ಮುಖ ಸಣ್ಣಗಾಗಿದ್ದು ನನಗೆ ಕಂಡಿತು. ಎರಡು ಜಾಕೆಟಿನ ಪಕ್ಕ ಬಿಚ್ಚಿ, ಒಂದಕ್ಕೊಂದು ಕೂಡಿಸಿ, ಮೆಷಿನ್ನಿನಲ್ಲಿ ಎರಡು ಓಟ ಓಡಿಸಿ ತೊಡಿಸಿದೆ. ಅವತ್ತು ಎದುರು ಗುಂಪಿನ ಬಾವುಟ ಕಿತ್ತು ತಂದು ಆಟ ಗೆಲ್ಲಿಸಿದವನು ಅವನೇ. ನಕ್ಕವರೇ ಅವನನ್ನು ಹೆಗಲ ಮೇಲೆ ಎತ್ತಿಕೊಳ್ಳಲು ನೋಡಿ, ಆಗದೆ, ಸುತ್ತ ನಿಂತು ಕುಣಿದರು. ಮುಂದಿನ ಸಲ ಬಟ್ಟೆ ಹೊಲಿಸುವಾಗ ದೊಡ್ಡ ಅಳತೆಯವನ್ನು ಮೊದಲು ಹೊಲಿಸಿದೆ.

ಬೂಟಿಗೆ ಹಿಮ್ಮಡಿ ಗಟ್ಟಿಯಾಗಿರಲಿ, ಅಡಿ ನುಣುಪಾಗಿರಬಾರದು. ನೀಲಗಿರಿ ಎಲೆಯ ಮೇಲೆ ಜಾರುವಷ್ಟು ಎಣ್ಣೆಯ ಮೇಲೂ ಜಾರುವುದಿಲ್ಲ. ಬಂದೂಕು ಕಟ್ಟಕಡೆಗೆ. ಎಲ್ಲರಿಗೂ ಉದ್ದನೆಯದೇ ಬೇಕು, ಮೇಲೆ ದುರ್ಬೀನು ಇದ್ದದ್ದೇ ಬೇಕು. ಎತ್ತಿ ಹಿಡಿದು ನಿಲ್ಲಿ ಅನ್ನಿ, ಮಾತಾಡುತ್ತ ಇರಿ. ಮಾತು ಮುಗಿಯುವ ಮೊದಲು ತುದಿ ಕೆಳಗೆ ಬಾಗಿದರೆ ಆ ಬಂದೂಕು ಅವರದಲ್ಲ. ಗಿಡ್ಡ, ಹಗುರ ಇರುವುದನ್ನು ಕೊಡಿ. ಮುಖ ಊದಿಸಿಕೊಂಡು ಹೋಗುತ್ತಾರೆ, ನಗುತ್ತ ವಾಪಸ್ ಬರುತ್ತಾರೆ.

ಇಷ್ಟೆಲ್ಲಕ್ಕೂ ಮೊದಲು ಮಾಸ್ಕ್. ಅದು ಮುಖ ಪೂರ್ತಿ ಮುಚ್ಚುವಂಥದೇ ಆಗಬೇಕು, ಕಣ್ಣಿನ ಜಾಗದಲ್ಲಿ ಒಡೆಯದ ಪಾರದರ್ಶಕ ಹಾಳೆ ಇರಬೇಕು. ಉಸಿರಿಗೆ ಮಂಜು ಕಟ್ಟದಿರಲಿ ಎಂದು ಆ ಹಾಳೆಯ ಒಳಮೈಗೆ ಕಣ್ಣಿಗೆ ಕಾಣದಂಥ ತೆಳು ಲೇಪ ಕೊಟ್ಟಿರುತ್ತಾರೆ. ಅದನ್ನು ಹಸುಗೂಸಿನ ಬಟ್ಟೆಯಂಥ ಮೆತ್ತನೆಯ ತುಂಡು, ಬರೀ ನೀರು, ಇಷ್ಟರಲ್ಲೇ ಒರೆಸಬೇಕು. ಈ ಪಾಠ ನಮ್ಮ ಮೈದಾನಕ್ಕೆ ಆಯುಧಪೂಜೆಯಲ್ಲಿ ಸಿಕ್ಕಿತು. ನಾನು ಹೇಳಬೇಕು ಎಂದು ಕೂತದ್ದೇ ಇದನ್ನು.

ಪುಟ್ಟಮ್ಮನವರು ವರ್ಷ ಕಳೆದಂತೆ ಆಟಕ್ಕೆ ಸ್ವಲ್ಪ ಸ್ವಲ್ಪ ಒಗ್ಗಿಕೊಂಡಿದ್ದರು. ಹುಡುಗರಿಗೆ ಮಜ್ಜಿಗೆ ಕಳಿಸುತ್ತಿದ್ದರು. ಯಾರು ಗೆದ್ದರು ಎಂದು ಕೇಳುತ್ತಿದ್ದರು. ಆ ವರ್ಷ ಮಹಾನವಮಿಯ ಹಿಂದಿನ ದಿನ ನಾನು ಹಬ್ಬಕ್ಕೆಂದು ಬೇಗ ಮನೆಗೆ ಹೋಗಿದ್ದೆ. ಪೂಜೆಗೆ ಬಂದೂಕಿನ ಜೊತೆ ಮಾಸ್ಕನ್ನೂ ಇಡಬೇಕು, ಕಣ್ಣು ಕಾಯುವುದು ಅದೇ ತಾನೇ, ಎಂದು ಅವ್ವನಿಗೆ ಭಕ್ತಿ ಉಕ್ಕಿದೆ. ದೇವರ ಮನೆಯ ಹಿತ್ತಾಳೆ ಸಾಮಾನು ಬೆಳಗುವ ಹಾಗೆಯೇ, ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು ತೆಗೆದುಕೊಂಡು, ಅಷ್ಟೂ ಮಾಸ್ಕನ್ನು ಒಳಗೂ ಹೊರಗೂ ತಿಕ್ಕಿ ತಿಕ್ಕಿ ಬೆಳಗಿದ್ದಾರೆ. ಹೊಳೆಯಲಿ ಎಂದು ಕೊನೆಗೆ ಒಂದೊಂದು ತೊಟ್ಟು ಕೊಬ್ಬರಿ ಎಣ್ಣೆ ಬೇರೆ ಸವರಿದ್ದಾರೆ. ಎಣ್ಣೆ ಬಿದ್ದರೆ ಗೀರು ಕಾಣುವುದಿಲ್ಲ ನೋಡಿ. ಹಬ್ಬ ಮುಗಿಸಿ ನಾನು ಬಂದಾಗ ಮಾಸ್ಕುಗಳು ಹೂವು, ಕುಂಕುಮ ಇಟ್ಟುಕೊಂಡು ಮಿರಮಿರ ಮಿಂಚುತ್ತಿದ್ದವು. ಪೂಜೆಗೆಂದು ಯಾರೋ ಒರೆಸಿಟ್ಟಿದ್ದಾರೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಒಂದು ಆಫೀಸಿನ ದೊಡ್ಡ ಗುಂಪು ಬಂತು. ಚಳಿ ಇತ್ತು, ಇಬ್ಬನಿ ಇನ್ನೂ ಆರಿರಲಿಲ್ಲ. ಆಟ ಶುರುವಾಗಿ ಇನ್ನೇನು ಬಿಸಿಯೇರಬೇಕು, ಒಳಗಿಂದ ಒಂದೇ ಕೂಗು: “ಏನೂ ಕಾಣಿಸ್ತಿಲ್ಲ!” “ಮಚ್ಚಾ, ಎಲ್ಲಿದೀಯೋ?” ಎಲ್ಲರ ಮಾಸ್ಕಿನಲ್ಲೂ ಹಾಲಿನ ಬಣ್ಣದ ಮಂಜು. ಕಾಣದೇ ಹೋದರೆ ಮನುಷ್ಯ ಮೊದಲು ಮಾಡುವುದು ಮಾಸ್ಕ್ ಎತ್ತುವುದು. ಸೀಟಿ ಊದುತ್ತ, “ಎತ್ತಬೇಡಿ! ಯಾರೂ ಎತ್ತಬೇಡಿ!” ಎಂದು ಕಿರುಚುತ್ತ ಓಡಿದೆ. ಅಷ್ಟರಲ್ಲಿ ಒಬ್ಬ ಎತ್ತಿಯಾಗಿತ್ತು.

ಕಾರ್ತಿಕ್ ಅಂತ, ನಂದಿನಿ ಲೇಔಟಿನ ಹುಡುಗ. ಗುಂಡು ಹುಬ್ಬಿಗೂ ರೆಪ್ಪೆಗೂ ನಡುವೆ ಬಿದ್ದು ಚರ್ಮ ಸೀಳಿತ್ತು. ಮುಖದ ಆ ಭಾಗವೆಲ್ಲ ರಕ್ತ. ಬಟ್ಟೆ ಒತ್ತಿ ಹಿಡಿದು ಕರೆದುಕೊಂಡು ಬರುವಾಗ ಮಜ್ಜಿಗೆ ತಂಬಿಗೆ ಹಿಡಿದು ಪುಟ್ಟಮ್ಮನವರು ಗೇಟಿನಲ್ಲೇ ನಿಂತಿದ್ದರು. ರಕ್ತ ನೋಡಿದರು, ತಂಬಿಗೆ ಕೆಳಗಿಟ್ಟರು, ಮನೆಯೊಳಗೆ ಹೋದರು.

ರಾಜಾಜಿನಗರದ ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, “ಕಣ್ಣಿಗೆ ಏನೂ ಆಗಿಲ್ಲ, ಹೊಲಿಗೆ ಹಾಕಿದ್ರೆ ಸಾಕು” ಎಂದಾಗ ಹೋದ ಜೀವ ಬಂದಂತಾಯಿತು. ಆದರೆ ವಾಪಸ್ ಬರುವಷ್ಟರಲ್ಲಿ ಅವ್ವ ತೀರ್ಮಾನ ಮಾಡಿಯಾಗಿತ್ತು.

“ಲೋಕೇಶ, ನಾಳೆ ಬೇಲಿ ಕೀಳೋಕೆ ಆಳು ಹೇಳು.”

“ಅವ್ವ, ಕಣ್ಣಿಗೆ ಏನೂ ಆಗಿಲ್ವಂತೆ...”

“ರಕ್ತ ಕಂಡ್ರೆ ಅಂದಿದ್ದೆ. ಕಂಡೆ.”

ನಾನು ಸಾಮಾನು ಕೋಣೆಗೆ ಹೋಗಿ ಒಂದು ಮಾಸ್ಕನ್ನು ನೀರಿನಲ್ಲಿ ತೊಳೆದು ಬೆಳಕಿಗೆ ಹಿಡಿದೆ. ಮೈತುಂಬ ಸುತ್ತು ಸುತ್ತಾದ ಗೀರು. ಪಟ್ಟಿಯ ಸಂದಿಯಲ್ಲಿ ಬೂದಿ, ಮೂಗಿಗೆ ಹುಣಸೆಹಣ್ಣಿನ ವಾಸನೆ. ಆ ಊರಿನಲ್ಲಿ ಹಾಗೆ ಬೆಳಗುವ ಕೈ ಯಾವುದು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಲೋಕೇಶ್ ಸಾರ್‌ಗೆ ತೋರಿಸಿದೆ. ಅವರು ತಲೆ ಮೇಲೆ ಕೈಹೊತ್ತು ಕೂತರು.

“ಸರೋಜಕ್ಕ, ಅವ್ವಂಗೆ ಮಾತ್ರ ಹೇಳ್ಬೇಡಿ. ತಡ್ಕೊಳಲ್ಲ. ಮೈದಾನ ಹೋದ್ರೆ ಹೋಗ್ಲಿ ಬಿಡಿ.”

ನನಗೆ ಸಿಟ್ಟೇ ಬಂತು. “ಹೋದ್ರೆ ಹೋಗ್ಲಿ ಅಂದ್ರೆ? ಇಲ್ಲಿ ಕೆಲ್ಸ ಮಾಡೋರು ನಾಳೆಯಿಂದ ಏನ್ ಮಾಡ್ಬೇಕು ಸಾರ್? ಅದೂ ಹೋಗ್ಲಿ, ನಾಳೆ ಅವ್ವಂಗೆ ಯಾರೋ ಆಳುಮಗ ಹೇಳ್ತಾನೆ, ನಿಮ್ಮ ಬೂದಿಯಿಂದ ಆಗಿದ್ದು ಅಂತ. ಆಗ ತಡ್ಕೋತಾರಾ?” ಎಂದೆ. ಅವರು ಆ ಮಾಸ್ಕನ್ನು ನನ್ನ ಕೈಗೇ ವಾಪಸ್ ಕೊಟ್ಟರು.

ಆದರೆ ಕೊಟ್ಟಿಗೆಯ ಹತ್ತಿರ ಹೋಗುವಷ್ಟರಲ್ಲಿ ನನ್ನ ಸಿಟ್ಟೆಲ್ಲ ಇಳಿದುಹೋಗಿತ್ತು. ಅವ್ವ ಕಲ್ಲಿನ ಮೇಲೆ ಕೂತಿದ್ದರು. ತಮ್ಮನನ್ನು ನೆನೆದು ಅತ್ತಿದ್ದರೋ ಏನೋ, ಕಣ್ಣು ಕೆಂಪಾಗಿತ್ತು. ಪಟ್ಟಿ ಹೊಲಿಯಲು ನಾನು ಮನೆಗೆ ಒಯ್ದಿದ್ದ ಒಂದು ಮಾಸ್ಕ್ ಬೂದಿ ಕಾಣದೆ ಉಳಿದಿತ್ತು. ಅದನ್ನೂ, ಬೆಳಗಿದ್ದ ಇನ್ನೊಂದನ್ನೂ ತಂದಿದ್ದೆ.

“ಅವ್ವ, ಇದನ್ನ ಒಂದ್ಸಲ ಹಾಕ್ಕೊಂಡು ನಿಮ್ಮ ಹಸೂನ ನೋಡಿ,” ಎಂದು ಬೆಳಗಿದ್ದನ್ನು ಕೊಟ್ಟೆ.

ಯಾಕೆ ಎಂದು ಕೇಳದೆ ಹಾಕಿಕೊಂಡರು. ನಾಲ್ಕು ಸಲ ಉಸಿರಾಡಿದರು. “ಏನೂ ಕಾಣಾಕಿಲ್ಲ ಕಣೆ. ಎಲ್ಲಾ ಬೆಳ್ಳಗೆ,” ಎಂದರು. ಅದನ್ನು ತೆಗೆಸಿ ಇನ್ನೊಂದನ್ನು ಹಾಕಿಸಿದೆ. ತುಂಬ ಹೊತ್ತು ಹಸುವನ್ನೇ ನೋಡುತ್ತ ಕೂತರು. ಮಾಸ್ಕ್ ತೆಗೆದು, ಎರಡನ್ನೂ ಮಡಿಲಲ್ಲಿಟ್ಟುಕೊಂಡು, ಬೆರಳಿನಿಂದ ಆ ಗೀರುಗಳನ್ನು ಸವರಿದರು.

“ಇದು ನಾನು ಬೆಳಗಿದ್ದಲ್ವಾ?”

“ಹೂಂ ಅವ್ವ.”

“ನಾನು ಬೆಳಗ್ದೆ ಇದ್ದಿದ್ರೆ ಆ ಮಗೀಗೆ ಕಾಣ್ತಿತ್ತಾ?”

ಸುಳ್ಳು ಹೇಳಬಹುದಿತ್ತು. ಹಿರಿಯ ಜೀವ, ಅಷ್ಟು ಅಕ್ಕರೆಯಿಂದ ಮಾಡಿದ ಕೆಲಸ. “ಕಾಣ್ತಿತ್ತು ಅವ್ವ,” ಅಂದೆ. ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಪಕ್ಕದಲ್ಲಿ ಕೂತೆ.

ಮಾರನೇ ದಿನ ಬೇಲಿ ಕೀಳುವ ಆಳು ಬರಲಿಲ್ಲ. ಅವ್ವ ಗರಿಗರಿ ಸೀರೆ ಉಟ್ಟು, ಒಂದು ಬುಟ್ಟಿ ಎಳನೀರು ಕಾರಿಗೆ ಹಾಕಿಸಿ, ಓಡಿಸಲು ಲೋಕೇಶ್ ಸಾರ್‌ನ ಕೂರಿಸಿ, ನನ್ನನ್ನೂ ಕರೆದುಕೊಂಡು ನಂದಿನಿ ಲೇಔಟಿಗೆ ಹೊರಟರು. ಕಾರ್ತಿಕನ ತಾಯಿ ಬಾಗಿಲು ತೆಗೆದಾಗ, ಅವ್ವ ಒಳಗೆ ಕಾಲಿಡುವ ಮೊದಲೇ, “ನಿಮ್ಮ ಮಗನಿಗೆ ಏಟಾಗಿದ್ದು ನನ್ನ ಕೈಯಿಂದ ಕಣವ್ವಾ,” ಎಂದುಬಿಟ್ಟರು. ಬೂದಿ, ಹುಣಸೆಹಣ್ಣು ಎಲ್ಲ ಹೇಳಿದರು. ಆ ತಾಯಿ ಒಮ್ಮೆ ನನ್ನ ಮುಖ, ಒಮ್ಮೆ ಅವ್ವನ ಮುಖ ನೋಡಿದರು.

ಹುಬ್ಬಿಗೆ ಪಟ್ಟಿ ಹಾಕಿಕೊಂಡಿದ್ದ ಕಾರ್ತಿಕ್ ಎದ್ದು ಬಂದ. “ಅಯ್ಯೋ ಅಜ್ಜಿ, ಬಿಡಿ. ಆಂಟಿ ಎತ್ತಬೇಡಿ ಅಂತ ಬೊಬ್ಬೆ ಹೊಡೀತಿದ್ರು. ಎತ್ತಿದ್ದು ನಾನು.”

ಅಷ್ಟು ಹೊತ್ತು ತಲೆ ತಗ್ಗಿಸಿ ನಿಂತಿದ್ದ ಅವ್ವ ಥಟ್ಟನೆ ತಲೆ ಎತ್ತಿದರು. “ಕೇಳಿಸ್ತಾ ನಿಂಗೆ?”

“ಕೇಳಿಸ್ತು ಅಜ್ಜಿ.”

“ಕೇಳಿಸ್ತಾ ಇದ್ರೂ ಎತ್ತಿದ್ಯಾ! ಬುದ್ಧಿ ಇದ್ಯೇನೋ ನಿಂಗೆ? ಕಣ್ಣು ಹೋಗಿದ್ರೆ ಏನ್ ಮಾಡ್ತಿದ್ದೆ?” ಕ್ಷಮೆ ಕೇಳಲು ಬಂದವರು ಬೈಯಲು ಶುರು ಮಾಡಿದರು. ಹುಡುಗನ ತಾಯಿ “ಚೆನ್ನಾಗಿ ಬೈಯ್ರಿ, ನಾನ್ ಹೇಳಿದ್ರೆ ಕೇಳಲ್ಲ” ಎಂದು ಸೇರಿಕೊಂಡರು. ಕಾರ್ತಿಕ್ ನನ್ನ ಕಡೆ ನೋಡಿ ಕಾಪಾಡಿ ಅನ್ನುವಂತೆ ಕೈಮುಗಿದ. ಊಟ ಮಾಡಿಸಿಯೇ ಕಳಿಸಿದರು ನಮ್ಮನ್ನು.

ವಾಪಸ್ ಬರುತ್ತ ಕಾರು ಕೆಂಗೇರಿ ದಾಟಿದಾಗ ಅವ್ವ, “ಬೇಲಿ ಕಿತ್ರೆ ನನ್ನ ತಪ್ಪು ಮುಚ್ಚಿ ಹೋಗುತ್ತೆ, ಅಷ್ಟೇ. ಯಾರ ಕಣ್ಣೂ ಉಳಿಯಲ್ಲ. ಇವು ಬೇರೆಲ್ಲೋ ಹೋಗಿ ಆಡ್ತವೆ. ಗೇಟ್‌ನಾಗೆ ನನಗೊಂದು ಕುರ್ಚಿ ಹಾಕ್ಸು ಲೋಕೇಶ,” ಎಂದರು.

ಹೊಸ ಮಾಸ್ಕ್ ಬರುವವರೆಗೆ ಆಟ ನಿಲ್ಲಿಸಿದೆವು. ಬಂದಮೇಲೆ ಅವ್ವ ಕುರ್ಚಿಯಲ್ಲಿ ಕೂತರು. ಒಬ್ಬೊಬ್ಬರ ಮಾಸ್ಕನ್ನೂ ಎಳೆದು, ಅಲುಗಿಸಿ, “ಉಸಿರು ಬಿಡು, ನನ್ನ ಕೈ ಬೆರಳು ಎಷ್ಟದೆ ಹೇಳು” ಎಂದು ಕೇಳಿ, ಸರಿ ಕಂಡರೆ ಮಾತ್ರ ಒಳಗೆ. ಐಟಿ ಕಂಪನಿಯ ಡೈರೆಕ್ಟರನ್ನೂ ವಾಪಸ್ ಕಳಿಸಿದ್ದಾರೆ. ಬೈಸಿಕೊಂಡವರು ಮುಂದಿನ ಸಲ ಅಜ್ಜಿಗೆ ಎಂದು ಸ್ವೀಟ್ ಬಾಕ್ಸ್ ತರುತ್ತಿದ್ದರು. ಆಯುಧಪೂಜೆಯಲ್ಲಿ ಈಗಲೂ ಮಾಸ್ಕನ್ನು ಪೂಜೆಗೆ ಇಡುತ್ತಾರೆ, ಕುಂಕುಮ ಪಟ್ಟಿಯ ಮೇಲೆ ಮಾತ್ರ. ನಾನಿರುವವರೆಗೂ ಮತ್ತೆ ಯಾರಿಗೂ ಕಣ್ಣಿನ ಹತ್ತಿರ ಪೆಟ್ಟಾಗಲಿಲ್ಲ. ಆ ನೆಮ್ಮದಿಯಲ್ಲೇ ಈಗ ಮನೆಯಲ್ಲಿ ಕಾಲು ಚಾಚಿಕೊಂಡು ಕೂತಿದ್ದೇನೆ.

ಕೆಲಸ ಬಿಡುವ ದಿನ ಲೋಕೇಶ್ ಸಾರ್ ಪಟ್ಟು ಹಿಡಿದರು. “ಸರೋಜಕ್ಕ, ಇಷ್ಟು ವರ್ಷ ಎಲ್ಲರನ್ನೂ ರೆಡಿ ಮಾಡಿ ಕಳಿಸಿದ್ರಿ. ಇವತ್ತು ನೀವೂ ಒಂದು ಆಟ ಆಡ್ಲೇಬೇಕು.” ಮಂಡಿ ನೋವು ಅಂದರೂ ಬಿಡಲಿಲ್ಲ. ನಾನೇ ಹೊಲಿದ ಬಟ್ಟೆ ತೊಟ್ಟು, ಮಾಸ್ಕ್ ಹಾಕಿಕೊಂಡು, ಹಗುರವಾದೊಂದು ಬಂದೂಕು ಹಿಡಿದು ಗೇಟಿನ ಹತ್ತಿರ ಹೋದೆ. ಹಿಂದೆ ನಿಂತವರೆಲ್ಲ ಚಪ್ಪಾಳೆ ಹೊಡೆಯುತ್ತಿದ್ದರು. ಅವ್ವ ನಕ್ಕು ಬೆನ್ನು ತಟ್ಟಿ ಒಳಗೆ ಬಿಡುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ. ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ಎಳೆದರು.

“ಸಡಿಲ ಐತೆ. ಹಿಂದಕ್ಕೆ ನಡಿ.”

“ಅವ್ವ, ನಾನು ಕಣವ್ವ, ಸರೋಜಾ!”

“ಯಾರಾದ್ರೆ ಏನು? ಪಟ್ಟಿ ತುರುಬಿನ ಮ್ಯಾಲೆ ನಿಂತೈತೆ, ಓಡೋವಾಗ ಜಾರ್ತದೆ. ತುರುಬು ಬಿಚ್ಚಿ ಜಡೆ ಹಾಕ್ಕೊಂಡು ಬಾ. ಎಲ್ಲರ ಕಣ್ಣೂ ಕಾದೆ, ನಿನ್ನ ಕಣ್ಣು ಕಣ್ಣಲ್ವಾ?”

ವಾಪಸ್ ಹೋಗಿ, ತುರುಬು ಬಿಚ್ಚಿ, ಜಡೆ ಹೆಣೆದುಕೊಂಡು, ಸಾಲಿನ ಕೊನೆಯಲ್ಲಿ ನಿಂತೆ.